ಎಡಜೇಬು

ಕಾಸರಗೋಡಿನ ಹಳೆ ಬಸ್‌ಸ್ಟ್ಯಾಂಡಿನ ಹಿಂದೆ
ಮೀನುಮಾರ್ಕೆಟ್ಟಿಗೆ ಇಳಿಯುವಲ್ಲಿ ಅಂದುಂಞಿಚ್ಚನ ಅಂಗಡಿ.
ಗಾಳ, ಬೀಗ, ಟಾರ್ಚು, ನೈಲಾನ್ ಹಗ್ಗ;
ಗಾಜಿನ ಪೆಟ್ಟಿಗೆಯೊಳಗೆ ಮಡಚಿಕೊಂಡು ಮಲಗಿದ
ಇಪ್ಪತ್ತೆರಡು ಚೂರಿ.
ಎಣಿಸಿದೆ. ಡ್ಯೂಟಿ ಇಲ್ಲದ ಮಂಗಳವಾರ,
ಎಣಿಸಲು ಪುರುಸೊತ್ತಿತ್ತು.

"ಅಡಿಗೆಗೋ?"
ಅಲ್ಲ.
"ಗಂಡನಿಗೋ?"
ಗಂಡ ಇಲ್ಲ. ಉಪ್ಪಳದ ಫಯರ್ ಸ್ಟೇಷನ್ನಿನಲ್ಲಿದ್ದೇನೆ,
ಜೇಬಿನಲ್ಲಿ ಇಟ್ಟುಕೊಳ್ಳಲಿಕ್ಕೆ.
ಕನ್ನಡಕ ಮೂಗಿಗಿಳಿಸಿ ನೋಡಿದರು,
ನನ್ನನ್ನಲ್ಲ, ನನ್ನ ಕೈಯನ್ನು.

ಮೊದಲನೆಯದು ಮದುವೆಗೆ ಹೊರಟ ಹಾಗೆ ಹೊಳೆಯುತ್ತಿತ್ತು,
ಮೊನೆ ಕೊಕ್ಕರೆಯ ಕೊಕ್ಕು.
ಬೇಡ. ಬೆಲ್ಟಿನ ಕೆಳಗೆ ಮನುಷ್ಯರ ಹೊಟ್ಟೆಯಿರುತ್ತದೆ.
ಎರಡನೆಯದು ಕಪ್ಪು ಉಕ್ಕು, ಕೂದಲು ಸೀಳುವ ಹರಿತ;
"ಇದು ಘಟ್ಟದ ಮೇಲಿನವರಿಗೆ. ನಮ್ಮ ಕಡಲಗಾಳಿಗೆ
ಒಂದು ಆಟಿ ದಾಟುವುದಿಲ್ಲ" ಎಂದು ಅವರೇ ಬದಿಗಿಟ್ಟರು.
ಮೂರನೆಯದರಲ್ಲಿ ಕತ್ತರಿ, ಅರ, ಬಾಟಲಿ ಓಪನರು,
ಹಲ್ಲುಕಡ್ಡಿ ಕೂಡ.
ಹೊಗೆಯೊಳಗೆ ತಡಕಾಡುವಾಗ
ಆ ಹಲ್ಲುಕಡ್ಡಿಯೇ ಕೈಗೆ ಬಂದರೆ?

ಮತ್ತೆ, ನಾನು ಎಡಚಿ.
ಚೂರಿಗಳೆಲ್ಲ ಬಲಗೈ ಹೆಬ್ಬೆರಳಿಗೆಂದೇ ಹುಟ್ಟಿದವು:
ತೆರೆಯುವ ಗುಬ್ಬಿ ಒಂದೇ ಬದಿ, ಬೀಗದ ತಗಡೂ ಅವರದೇ ಕಡೆ.
ನನ್ನ ಕೈಯಲ್ಲಿ ಅವು
ಗುರುತಿಲ್ಲದವರ ಮಡಿಲಿನ ಕೂಸಿನ ಹಾಗೆ ಸೆಟೆದವು.
ಬಲಗೈ ಅಭ್ಯಾಸ ಮಾಡಿ ಎನ್ನಲಿಲ್ಲ ಮುದುಕರು.
ಅದನ್ನು ಒಂದನೇ ಕ್ಲಾಸಿನಲ್ಲೇ
ಅಡಿಕೋಲು ಹೇಳಿ ಮುಗಿಸಿತ್ತು.

ಏಣಿ ಹತ್ತಿ ಬಿಸ್ಕೆಟಿನ ಡಬ್ಬಿಯೊಂದನ್ನು ಇಳಿಸಿದರು.
ಒಳಗೆ, ಬೂದು ಹಿಡಿಯ ಮೊಂಡುಮೊನೆಯದೊಂದು.
ಬೀಗ ಬೆನ್ನಿನಲ್ಲಿ, ಎರಡು ಕೈಗೂ ಒಂದೇ ನ್ಯಾಯ.
ಅಲಗಿನಲ್ಲಿ ತೂತು, ಹೆಬ್ಬೆರಳು ಯಾವ ಕಡೆಯಿಂದಲಾದರೂ ಬರಲಿ.
ಟಕ್.
ಅಲುಗಾಡಿಸಿದೆ. ಅಲುಗಲಿಲ್ಲ.

ಚೀಲದಿಂದ ತೆಗೆದೆ
ಒಂದು ಗೇಣು ಸೀಟ್‌ಬೆಲ್ಟು.
ಎಲ್ಲಿಯದೆಂದು ಅವರು ಕೇಳಲಿಲ್ಲ.
ಒಂದು ತುದಿ ಅವರು ಹಿಡಿದರು, ಒಂದು ನಾನು.
ಒಂದೇ ಎಳೆತ.
ಬೆರಳಲ್ಲಿ ಉಳಿದ ತುಂಡನ್ನು ಸ್ವಲ್ಪ ಹೊತ್ತು ನೋಡಿ
ದುಡ್ಡಿನ ಪೆಟ್ಟಿಗೆಯೊಳಗೆ ಇಟ್ಟರು; ಬಿಸಾಡಲಿಲ್ಲ.

ಒಂಬೈನೂರು. ಐವತ್ತು ಬಿಟ್ಟರು.
ಚೂರಿಯನ್ನು ಗಾಜಿನ ಮೇಲಿಟ್ಟು ಕೈ ಹಿಂದೆಗೆದರು:
"ಕೈಯಿಂದ ಕೈಗೆ ಕೊಡಬಾರದು. ಜಗಳ."
ಅಮ್ಮನೂ ಹಾಗೆಯೇ. ಅವಳಿಗೆ ಅದು ಪೀಶಕತ್ತಿ,
ಅಂದುಂಞಿಚ್ಚನಿಗೆ ಪಿಚ್ಚಾತ್ತಿ,
ಸ್ಟೇಷನ್ನಿನ ರಿಜಿಸ್ಟರಿನಲ್ಲಿ ಹೆಸರೇ ಇಲ್ಲ,
ಸ್ವಂತ ಖರ್ಚಿನದು.

ಈಗ ಎಡಜೇಬಿನಲ್ಲಿದೆ.
ಹಾಲಿನ ಪ್ಯಾಕೆಟ್ಟು, ಪೇರಳೆ, ಕೊರಿಯರ್ ಪೆಟ್ಟಿಗೆ,
ಬಾವಿಗೆ ಬಿದ್ದ ಆಡಿನ ಕಾಲಿಗೆ ಸುತ್ತಿದ ಹಗ್ಗ.
ಬಿಜೀಷ ಕೇಳಿದರೆ ಬೆಂಚಿನ ಮೇಲಿಡುತ್ತೇನೆ,
ಎತ್ತಿಕೊಳ್ಳುತ್ತಾನೆ, ನಗುತ್ತಾನೆ.

ಹೊಸಂಗಡಿಯಲ್ಲಿ ಆ ರಾತ್ರಿ ಮಾತ್ರ
ಕಾರು ತಲೆಕೆಳಗಾಗಿತ್ತು.
ನನ್ನ ಬಲಗೈಯಲ್ಲಿ ಒಬ್ಬ ಹುಡುಗನ ತಲೆ.
ಕತ್ತು ಅಲುಗಬಾರದು.
ಬೆಲ್ಟು ಆಚೆ ಬದಿ, ಅಲ್ಲಿ ಬಿಜೀಷ,
ನಡುವೆ ಇಡಲಿಕ್ಕೆ ನೆಲವೇ ಇರಲಿಲ್ಲ,
ಬರೀ ಗಾಜು, ಪೆಟ್ರೋಲು.
ಎಡಗೈ ತಾನೇ ಜೇಬಿಗೆ ಹೋಯಿತು.
ಟಕ್.
ತೆರೆದೇ ಕೊಟ್ಟೆ, ಹಿಡಿ ಅವನ ಕಡೆಗೆ,
ಅಲಗಿನ ಬೆನ್ನು ನನ್ನ ಬೆರಳಿಗೆ.
ಕೈಯಿಂದ ಕೈಗೆ.
ಅವನೂ ಹಾಗೆಯೇ ಮರಳಿಸಿದ.

ಮಡಿಕೆಯಲ್ಲಿ ಗಾಜಿನ ಹರಳೊಂದು ಇನ್ನೂ ಇದೆ,
ಮುಚ್ಚುವಾಗ ಕಿರ್ ಎನ್ನುತ್ತದೆ.
ಹುಡುಗನ ಮನೆಯಿಂದ ಫೋನು ಬಂದಿತ್ತಂತೆ,
ಆ ದಿನ ನಾನು ರಜೆ.

ಆಮೇಲೆ ಒಂದು ವಾರ
ನಾನೂ ಬಿಜೀಷನೂ ಮಾತುಬಿಟ್ಟದ್ದು ನಿಜ.
ಒದ್ದೆ ಹೋಸನ್ನು ಬಿಸಿಲಿಗೆ ಹರಡುವ ಸರದಿ
ಯಾರದ್ದೆಂದು.