ಹದಿನಾರು ಯೆನ್

ಇಪ್ಪತ್ತು ಲಕ್ಷ ಯೆನ್‌ಗೆ ವರ್ಷದ ಬಡ್ಡಿ ಇಪ್ಪತ್ತು.
ಅದರಲ್ಲಿ ನಾಲ್ಕು ತೆರಿಗೆಗೆ.
ಉಳಿದ ಹದಿನಾರನ್ನು ಅಂಚೆ ಕಚೇರಿಯ ಯಂತ್ರ
ನನ್ನ ಪಾಸ್‌ಬುಕ್ಕಿನಲ್ಲಿ ಟಕಟಕ ಅಚ್ಚೊತ್ತುತ್ತಿತ್ತು
ಬಲು ಗಂಭೀರವಾಗಿ,
ಏನೋ ದೊಡ್ಡದು ಕೊಟ್ಟ ಹಾಗೆ.

ಹೋಗಿ ಬರುವ ಟ್ರಾಮ್ ಟಿಕೆಟ್ಟೇ ನಾನೂರು ದಾಟುತ್ತಿತ್ತು.
ನಾನೇ ಮೂವತ್ತೆಂಟು ವರ್ಷ ಓಡಿಸಿದ ಟ್ರಾಮು,
ಹಾಕೊದಾತೆಯ ಹಡಗುಕಟ್ಟೆಯಿಂದ
ಯುನೊಕಾವಾದ ಬಿಸಿನೀರ ಬುಗ್ಗೆಗಳವರೆಗೆ.
ಅದಕ್ಕೇ ನಡೆದು ಹೋಗುತ್ತಿದ್ದೆ
ಹಿಮದಲ್ಲಿ, ಹದಿನಾರು ಯೆನ್ ತರಲು.

ಆ ಒಂದು ವರ್ಷ ಮಾತ್ರ ನಡೆಯಲಿಲ್ಲ, ಓಡಿದೆ.
ಎಲ್ಲರೂ ಓಡುತ್ತಿದ್ದರು. ಕ್ಷೌರದಂಗಡಿಯ ಒನೊದೆರ
ಒಂದು ಕೆನ್ನೆ ಬೋಳಿಸಿ ಇನ್ನೊಂದನ್ನು ನೊರೆಯಲ್ಲೇ ಬಿಟ್ಟು
ಬ್ರೋಕರಿಗೆ ಫೋನು ಹಚ್ಚುತ್ತಿದ್ದ.
ನಾನು ಕೊಂಡದ್ದು ಡಿಸೆಂಬರಿನಲ್ಲಿ, ಬೋನಸ್ಸು ಪೂರಾ ಸುರಿದು.
ಹಡಗು ಕಟ್ಟುವವರಿಗೆ ಸಾಲ ಕೊಡುವ ಬ್ಯಾಂಕು,
ಹೆಸರಲ್ಲೇ ಉಕ್ಕಿತ್ತು.
ಹೊಸವರ್ಷದ ರಜೆ ಮುಗಿದು ಪೇಟೆ ತೆರೆದಾಗ
ಇಳಿಜಾರು.

ಇಳಿಜಾರು ನನಗೆ ಹೊಸತಲ್ಲ, ಬ್ರೇಕೇ ನನ್ನ ಕಸುಬು.
ಮರಳು ಸುರಿದು, ಹಿಡಿ ತಿರುಗಿಸಿ, ಗಂಟೆ ಬಾರಿಸಿ
ನಿಲ್ಲಿಸಬಹುದು, ಹಳಿಯ ಮೇಲಿದ್ದರೆ.
ಇದಕ್ಕೆ ಹಳಿ ಇರಲಿಲ್ಲ.
ಗಂಟೆ ಮಾತ್ರ ಇತ್ತು,
ದಿನಾ ಸಂಜೆ ರೇಡಿಯೋದಲ್ಲಿ, ಹವಾಮಾನದ ಬೆನ್ನಿಗೆ.

ಮೂವತ್ತನಾಲ್ಕು ವರ್ಷ ಕಳೆದು ಸೂಚ್ಯಂಕ
ಆ ಹಳೇ ಗುಡ್ಡದ ತುದಿ ಮುಟ್ಟಿತು.
ಟೀವಿಯಲ್ಲಿ ಕೋಟು ತೊಟ್ಟವರ ಚಪ್ಪಾಳೆ.
ನಾನೂ ಎದ್ದೆ, ಕೈ ಅರ್ಧ ಎತ್ತಿದೆ.
ಆಗ ಹೊಳೆಯಿತು:
ಐದನೇ ನಂಬರಿನ ಟ್ರಾಮು ಹೊರಟಲ್ಲಿಗೆ ಬಂದಿರುವುದು ನಿಜ,
ಒಳಗೆ ಕೂತವರು ಬೇರೆ.
ನನ್ನ ಬ್ಯಾಂಕು ನಡುವಿನ ಯಾವುದೋ ನಿಲ್ದಾಣದಲ್ಲಿ
ಸದ್ದಿಲ್ಲದೆ ಇಳಿದು ಹೋಗಿದೆ,
ಛತ್ರಿಯನ್ನೂ ಬಿಟ್ಟು.

ಹಿಸಾನೊಗೆ ಇದೇನೂ ಗೊತ್ತಿಲ್ಲ. ಅಂದರೆ,
ಎಲ್ಲ ಗೊತ್ತು, ಕೇಳುವುದಿಲ್ಲ.
ಮನೆಲೆಕ್ಕದ ವಹಿಯ ರಟ್ಟಿನೊಳಗೆ ಬಚ್ಚಿಟ್ಟ ದುಡ್ಡಲ್ಲಿ
ಸೋಯಾ ಸಾಸ್ ಕಂಪನಿಯೊಂದರ ನೂರು ಷೇರು ಕೊಂಡಿದ್ದಳು,
ಊರೆಲ್ಲ ಮಾರಿ ಅಳುತ್ತಿದ್ದ ವರ್ಷ.
ಬೆಲೆ ನೋಡುವವಳಲ್ಲ. ಪ್ರತಿ ಜೂನಿನಲ್ಲಿ
ಷೇರುದಾರರಿಗೆಂದು ಒಂದು ಪೆಟ್ಟಿಗೆ ಬರುತ್ತದೆ:
ಎರಡು ಸೀಸೆ, ಒಂದು ಪೊಟ್ಟಣ ಒಣಮೀನು, ಕಾಗದದ ಬೀಸಣಿಗೆ.
‘ಏರಲಿ ಇಳಿಯಲಿ, ಮೀನು ಅದ್ದಿಕೊಳ್ಳಲು ಇದೆಯಲ್ಲ?’
ಇಪ್ಪತ್ತೊಂದು ಬೀಸಣಿಗೆ ಆಗಿವೆ.
ಒಂದು ರಾತ್ರಿ ಕದ್ದು ಲೆಕ್ಕ ಹಾಕಿದೆ.
ನನ್ನನ್ನು ಸೋಲಿಸಿದ್ದಾಳೆ.
ಅಂತರ ಎಷ್ಟೆಂದು ಇಲ್ಲಿ ಬರೆಯಲಾರೆ.

ಈ ವರ್ಷ ಬಡ್ಡಿ ಏರಿತು.
ಹುಟ್ಟಿದಂದಿನಿಂದ ಸೊನ್ನೆಯನ್ನಷ್ಟೇ ಕಂಡ
ಅಂಚೆ ಕಚೇರಿಯ ಹುಡುಗಿ ತಲೆಬಾಗಿ ಅಂದಳು,
‘ತೆರಿಗೆ ಕಳೆದು ಮೂರು ಸಾವಿರದ ಚಿಲ್ಲರೆ ಬರುತ್ತದೆ’,
ತಾನೇ ಏನೋ ತಪ್ಪು ಮಾಡಿದವಳಂತೆ.
ಮರಳುವಾಗ ಟ್ರಾಮು ಹತ್ತಿದೆ.
ಕಿಟಕಿಯ ಪಕ್ಕ ಕೂತೆ, ಸಾಹುಕಾರನ ಹಾಗೆ.

ರಾತ್ರಿ ಸಪ್ಪೊರೊದಿಂದ ಮಗಳು ಚಿಹಾರು ಫೋನು ಮಾಡಿದಳು.
ಅವಳ ಮನೆಸಾಲ ಏರಿಳಿವ ಬಡ್ಡಿಯದು,
ತಿಂಗಳ ಕಂತು ಒಂಬತ್ತು ಸಾವಿರ ಹೆಚ್ಚಂತೆ.
‘ಇದನ್ನು ಏರಿಸಿ ಯಾರಿಗೆ ಲಾಭವಪ್ಪಾ?’
ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡೆ.
‘ನನಗೆ’ ಎಂದು
ಹೇಗೆ ಹೇಳಲಿ?

ಒಂದೇ ತಂತಿಯ ಕರೆಂಟು ಕುಡಿದು
ಎದುರುಬದುರು ಹಾದುಹೋಗುತ್ತವೆ ಎರಡು ಟ್ರಾಮು.
ಚಾಲಕರು ಬಿಳಿ ಗವಸಿನ ಕೈ ಎತ್ತುತ್ತಾರೆ, ಅಷ್ಟೆ.

ಬೆಳಿಗ್ಗೆ ಸಪ್ಪೊರೊಗೆ ಪೆಟ್ಟಿಗೆ ಕಳಿಸಿದೆವು.
ಎರಡೂ ಸೀಸೆ, ಒಣಮೀನು.
ಬೀಸಣಿಗೆಯನ್ನು ಹಿಸಾನೊ ಬಿಟ್ಟುಕೊಡಲಿಲ್ಲ.
ಅಂಚೆ ವೆಚ್ಚ ಸಾವಿರದ ನಾನೂರು.
ಬಡ್ಡಿಯಿಂದಲೇ ಕೊಟ್ಟೆ.
ಅಸಲು ಮುಟ್ಟಲಿಲ್ಲ.