ಇಪ್ಪತ್ತೈದು ಬಿಲ್ಲೆ

ನೆಲ್ಲಿಕಾಯಿ ರಸ್ತೆಯಲ್ಲಿ ನಮ್ಮದೊಂದು ಅಂಗಡಿ ಇತ್ತು,
ಎರಡು ಬಾಂಕು ಹಾಕಿದರೆ ಮೂರನೆಯದಕ್ಕೆ ಜಾಗವಿಲ್ಲ.
ಬಾಯಿ ಕಟ್ಟಿದ ಸ್ಯಾಕ್ಸೋಫೋನುಗಳಿಗೆ ಅಲ್ಲಿ ಚಿಕಿತ್ಸೆ.
ಬೆಂದೂರಿನ ಮದುವೆ ಬ್ಯಾಂಡಿನವು ಬರುತ್ತಿದ್ದವು, ಬಿಯರಿನ ವಾಸನೆ ಸಮೇತ;
ಕೋಲದ ರಾತ್ರಿ ಮುಗಿಸಿದ ಸೇರಿಗಾರರವೂ,
ಕೊಳವೆಯೊಳಗೆ ದೊಂದಿಯ ಮಸಿ, ಒಂದೆರಡು ಕೇಪುಳದ ಎಸಳು.

ಒಂದು ಆಲ್ಟೋಗೆ ಇಪ್ಪತ್ತೈದು ಬಿಲ್ಲೆ.
ಹಿತ್ತಾಳೆಯ ಒಂದೊಂದು ತೂತಿಗೂ
ಆಡಿನ ತೊಗಲಿನ ಒಂದೊಂದು ಮುಚ್ಚಳ.
ಅರಗು ಕರಗಿಸಿ ಅಂಟಿಸಬೇಕು,
ಸಿಗರೇಟಿನ ಕಾಗದ ಸಿಕ್ಕಿಸಿ ಎಳೆದು ನೋಡಬೇಕು:
ಕಾಗದ ಜಾರಿದರೆ ಗಾಳಿ ಜಾರುತ್ತದೆ,
ಗಾಳಿ ಜಾರಿದರೆ ದೇವರ ಮುಂದೆ ಮಾನ.
ಅಪ್ಪ ಕಲಿಸಿದ್ದು ಇಷ್ಟೆ.

ಹಡಗಿನ ಅಡುಗೆಯವ ಲಿಗೋರಿ ಫೆರಾವೊ
ಒಂದು ಮಳೆಗಾಲ ರಜೆಯಲ್ಲಿ ಬಂದವ
ಟವೆಲಿನಲ್ಲಿ ಸುತ್ತಿದ ರೆಕಾರ್ಡೊಂದನ್ನು ಬಾಂಕಿನ ಮೇಲಿಟ್ಟ.
ಕವರಿನಲ್ಲಿ ಕಪ್ಪು ಮನುಷ್ಯ. ಕಣ್ಣು ಮುಚ್ಚಿದ್ದಾನೆ. ಕೆನ್ನೆ ಉಬ್ಬಿದೆ.
ಹೆಸರಿದ್ದ ಜಾಗವನ್ನು ಉಪ್ಪುನೀರು ತಿಂದಿತ್ತು.

"ಅಲ್ಲಿಯೂ ನದಿ ಉಂಟು, ಅಳಿವೆ ಉಂಟು, ನಮ್ಮದೇ ಸೆಖೆ.
ಸಂತೆಯಲ್ಲಿ ಮಾರಲ್ಪಟ್ಟು ಹತ್ತಿ ಬಿಡಿಸಿದವರ ಮೊಮ್ಮಕ್ಕಳು ಇವರು.
ಪಲ್ಟನಿನವರು ಬಿಟ್ಟುಹೋದ ತುತ್ತೂರಿಗಳನ್ನು
ಗುಜರಿಯಿಂದ ತಂದು ಬೇಕಾದ ಹಾಗೆ ಬಗ್ಗಿಸಿದರು ನೋಡು,
ತುತ್ತೂರಿಯನ್ನಲ್ಲ, ಸ್ವರವನ್ನು.
ಹೆಣದ ಹಿಂದೆಯೂ ಊದುತ್ತಾರೆ:
ಹೋಗುವಾಗ ಅಳು, ಬರುವಾಗ ಕುಣಿತ.
ದೊಡ್ಡ ಹೊಟೇಲುಗಳಲ್ಲಿ ರಾತ್ರಿಯಿಡೀ ಊದಿ
ಅಡುಗೆಮನೆಯ ಬಾಗಿಲಿನಿಂದ ಹೊರಗೆ.
ಅಡುಗೆಯವನಿಗೆ ಆ ಬಾಗಿಲು ಗೊತ್ತಿರುತ್ತದೆ ಮಾರಾಯ."

ಮುಳ್ಳು ಇಟ್ಟೆವು.
ಗಾಂಧಾರಕ್ಕೆ ಹೊರಟವ ಗಾಂಧಾರದ ಹೊಸ್ತಿಲಲ್ಲೇ ನಿಂತ.
ಸಾಧಾರಣವೂ ಅಲ್ಲ, ಅಂತರವೂ ಅಲ್ಲ,
ಒಳಗೆ ಹೋಗದೆ, ಹಿಂದೆಯೂ ಬರದೆ, ಅಲ್ಲೇ ತೂಗಿದ.
ಸೇರಿಗಾರ ವಾಮನಣ್ಣ ತಲೆ ಕೊಡವಿದ: "ಶ್ರುತಿ ತಪ್ಪಿದೆ."
ಮತ್ತೊಮ್ಮೆ ಕೇಳಿ: "ತಪ್ಪಿಲ್ಲ. ತಪ್ಪಿಸಿದ್ದಾನೆ."
ಮೂರನೆಯ ಸಲ ಏನೂ ಹೇಳಲಿಲ್ಲ.

ನನಗೆ ಆಮೇಲೆ ಎಲ್ಲೆಲ್ಲೂ ಅವನೇ ಕೇಳತೊಡಗಿದ.
ಟಾಕೀಸಿನಲ್ಲಿ ಖಳನಾಯಕ ಗ್ಲಾಸು ಎತ್ತುವಾಗ,
ರೋಸಿನ ಮನೆಯಲ್ಲಿ ಮದುಮಗಳಿಗೆ ತೆಂಗಿನಹಾಲು ಹಚ್ಚುವಾಗ,
ತುಳು ನಾಟಕದ ಹಾಸ್ಯಗಾರ ಜಾರಿ ಬೀಳುವಾಗ.
ಟೈಟಲಿನಲ್ಲಿ ಹೆಸರಿಲ್ಲ.
ಅವನ ಉಸಿರಿಗೆ ಬಾಡಿಗೆ ಕೊಟ್ಟವರೂ ಇಲ್ಲ.

ಲಿಗೋರಿ ಹಡಗು ಹತ್ತುವ ಹಿಂದಿನ ಶನಿವಾರ
ಬೊಗ್ರ ಬಂದ, ಹದ ಮಾಡಿದ ತೊಗಲು ಹಿಡಿದು.
ನಮ್ಮ ಬಿಲ್ಲೆಗಳ ತೊಗಲೆಲ್ಲ ಅವನದೇ, ಹಾಲಿನ ಕೆನೆಯಷ್ಟು ತೆಳು.
ಮೆಟ್ಟಿಲಲ್ಲಿ ಕೂತ. ಅವ ಕೂರುವುದು ಅಲ್ಲೇ.
ಕಂಬಳದ ಹಿಂದಿನ ರಾತ್ರಿಗಳಲ್ಲಿ
ಚಳಿಯ ಗದ್ದೆಬದಿ ಬೆಳಗಿನ ತನಕ ಡೋಲು ಬಡಿದ ಕೈ
ಮೊಣಕಾಲ ಮೇಲೆ ಅದರಷ್ಟಕ್ಕೇ ತಾಳ ಹಾಕತೊಡಗಿತು,
ಎಣಿಕೆಗೆ ಸ್ವಲ್ಪ ಹಿಂದೆ,
ರೆಕಾರ್ಡಿನವ ಹಿಂದೆ ಉಳಿದಷ್ಟೇ ಹಿಂದೆ.

"ಇವ ಹೊರಗೆ ನಿಂತು ಊದಿದವ," ಎಂದ.
ಹೇಗೆ ಗೊತ್ತು ಎಂದ ಅಪ್ಪ.
"ಒಳಗೆ ಕೂತವನಿಗೆ ಅವಸರ ಇರ್ತದೆ ಧನಿ, ಊಟಕ್ಕೆ ಏಳಬೇಕಲ್ಲ.
ಇವನಿಗೆ ಎಲೆ ಹಾಕಿಲ್ಲ."

ಲಿಗೋರಿ ನಕ್ಕ. ಆಮೇಲೆ ನಗಲಿಲ್ಲ.
ಅಪ್ಪ ಚಹಾ ತರಿಸಿದ: ಮೂರು ಗ್ಲಾಸು,
ಒಂದು ಗೆರಟೆ.
ಕೊಂಡುಹೋಗಿ ಕೊಟ್ಟವ ನಾನು.
ಹದಿನಾಲ್ಕು ವರ್ಷ. ಬೆರಳು ಸುಡುತ್ತಿತ್ತು, ಅಷ್ಟೇ ನೆನಪು.
ಕವರಿನ ಮನುಷ್ಯ ಕಣ್ಣು ತೆರೆಯಲಿಲ್ಲ.

ಈಗ ಬಿಲ್ಲೆ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಯಾರ ಕೈಯ ವಾಸನೆಯೂ ಇಲ್ಲ.
ಆ ವರ್ಷದ ಜಾತ್ರೆ ಮಾತ್ರ ಆಗಾಗ ಎದ್ದು ಬರುತ್ತದೆ:
ಗುಡಿಯ ಒಳಗೆ, ದೀಪದ ಎದುರು, ವಾಮನಣ್ಣನ ಆಲ್ಟೋ
ಒಂದು ಸ್ವರದ ಹೊಸ್ತಿಲಲ್ಲಿ ತುಸು ಹೆಚ್ಚೇ ನಿಂತಿತು.
ಇಪ್ಪತ್ತೈದು ತೂತಿನ ಮೇಲೂ ಬೊಗ್ರನ ತೊಗಲು
ತೆರೆಯುತ್ತ, ಮುಚ್ಚುತ್ತ, ಅಲ್ಲಿ ಒಳಗೇ ಇತ್ತು.

ಬೊಗ್ರ ಎಲ್ಲಿ ನಿಂತಿದ್ದನೋ,
ನಾನು ತಿರುಗಿ ನೋಡಿರಲಿಲ್ಲ.