ಕಲಿಕಾ ಫಲ

ಜೂನ್ ಮೊದಲ ವಾರ. ದುದ್ದದ ದಾರಿಯ ನಮ್ಮ ಶಾಲೆ.
ಆರನೇ ತರಗತಿಗೆ ಹತ್ತೊಂಬತ್ತು ಹೆಸರು,
ಬೆಂಚಿನ ಮೇಲೆ ಏಳು ಮಕ್ಕಳು.
ಉಳಿದವರ ಮುಂದೆ ಕೆಂಪು ಶಾಯಿಯಲ್ಲಿ
ಗೈ, ಗೈ, ಗೈ ಎಂದು ಬರೆಯುತ್ತ ಹೋಗುತ್ತೇನೆ.
ಹದಿನಾಲ್ಕು ವರ್ಷದಿಂದ ಬರೆದಿದ್ದೇನೆ.
ಮುಂದೊಂದು ಅಕ್ಷರ ಸೇರಿದರೆ ಗೈಮೆ ಆಗುತ್ತದೆಂದು
ಈ ವರ್ಷ ಕಣ್ಣಿಗೆ ಬಿತ್ತು.

ಹಾಗಂತ ಗೈಮೆಯನ್ನು ಹೊಗಳಲು ಕೂತಿಲ್ಲ.
ಹೊಲದಲ್ಲೇ ಎಲ್ಲ ಕಲೀತಾರೆ ಬಿಡಿ ಮೇಡಂ
ಎನ್ನುವವರ ಮಕ್ಕಳು
ಹಾಸನದ ಕಾನ್ವೆಂಟ್ ವ್ಯಾನು ಹತ್ತುವುದನ್ನು
ದಿನಾ ಎಂಟೂವರೆಗೆ ನೋಡುತ್ತೇನೆ.

ಲಿಖಿತಾ ಬಂದದ್ದು ಒಂಬತ್ತನೇ ದಿನ.
ಹೆಸರು ಲಿಖಿತಾ. ಬರೆಯುವುದಿಲ್ಲ.
ಭಿನ್ನರಾಶಿ ಕೊಟ್ಟರೆ
ಗೆರೆಯ ಮೇಲಿನದನ್ನು ಕೆಳಕ್ಕಿಳಿಸಿ
ಕೆಳಗಿನದನ್ನು ಮೇಲೇರಿಸಿ
ನನ್ನ ಮುಖ ನೋಡುತ್ತಾಳೆ,
ಓದಲು ಬಾರದವರು ಬಸ್ಸಿನ ಬೋರ್ಡು ನೋಡಿದ ಹಾಗೆ.
ಬೆರಳ ಸಂದಿಯಲ್ಲಿ ಔಷಧಿಯ ಹಳದಿ ಇನ್ನೂ ಹೋಗಿಲ್ಲ.
ಬಿತ್ತನೆ ಗಡ್ಡೆ ಕೊಯ್ಯುವವಳು ಅವಳು.
ಹೋಳಿಗೆ ಎರಡು ಕಣ್ಣಾದರೂ ಇರಬೇಕು.
ಏಳು ಕಣ್ಣಿನ ಗಡ್ಡೆ ಸಿಕ್ಕರೆ?
"ಮೂರು ಹೋಳು ಮಿಸ್, ಒಂದರಲ್ಲಿ ಮೂರು ಕಣ್ಣು.
ಕೊಯ್ಯೋಕೆ ಮುಂಚೆ
ಒಂದ್ ಸುತ್ತು ತಿರುಗಿಸಿ ನೋಡ್ಬೇಕು."

ನಾನು ಹದಿನಾಲ್ಕು ವರ್ಷ
ತಿರುಗಿಸಿ ನೋಡದೆ ಕೊಯ್ದವಳು.

ಅವಳ ಪುಸ್ತಕದ ಚೀಲ, ಬೀಜದ ಮೂಟೆ ಹರಿದು ಹೊಲಿದದ್ದು.
ಮೇಲೆ ನೀಲಿ ಬಣ್ಣದಲ್ಲಿ ಎರಡಕ್ಷರ.
"ಇದೇನು ಮಿಸ್?"
ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ಬರೆದೆ:
ಗೊತ್ತಿಲ್ಲ.
ತರಗತಿ ಒಂದು ಗಳಿಗೆ ಉಸಿರು ಹಿಡಿಯಿತು.
ಆಮೇಲೆ ಶುರು. ತೆಲುಗು. ಅಲ್ಲ ಕಣೋ.
ತಂತಿ ಮೇಲೆ ಬಟ್ಟೆ ಒಣಗಾಕ್ದಂಗೈತೆ, ಹಿಂದಿ.
ಹಿಂದಿ ಮೇಷ್ಟ್ರ ಹುದ್ದೆ ಮೂರು ವರ್ಷದಿಂದ ಖಾಲಿ.
ಎಂದೂ ಬಾಯಿ ಬಿಡದ ಇರ್ಫಾನ್ ಕೂಡ ಕೈ ಎತ್ತಿದ,
"ಲಾರಿಯವರನ್ನೇ ಕೇಳಿದ್ರೆ?"

ಶನಿವಾರ ಅರ್ಧ ದಿನ. ಅನುಮತಿ ಪತ್ರ ಬರೆಯಲಿಲ್ಲ.
ಹುಡುಗಿಯರಿಗೂ ನನಗೂ ದುಡ್ಡಿಲ್ಲದ ಟಿಕೆಟ್ಟು,
ಮೂವರು ಹುಡುಗರದು ನನ್ನ ಪರ್ಸಿನಿಂದ.
ಹಾಸನದ ಎಪಿಎಂಸಿ ಯಾರ್ಡಿನಲ್ಲಿ
ಜಲಂಧರದಿಂದ ಬಂದ ಲಾರಿ,
ನೆರಳಲ್ಲಿ ಸ್ಟೌ ಹಚ್ಚಿ ಕೂತ ಬಲ್ಕಾರ್ ಸಿಂಗ್.
ಚೀಲ ತೋರಿಸಿದೆವು.
ಹಿಟ್ಟು ಮೆತ್ತಿದ ಬೆರಳು ಅಕ್ಷರಕ್ಕೊಂದು ಸಲ ನಿಂತಿತು.
ಆ.
ಲೂ.

ಏಳೂ ಬಾಯಿ ಒಟ್ಟಿಗೆ ತೆರೆದವು.
"ನಮ್ ಬಾಯಲ್ಲೇ ಇತ್ತಲ್ಲ ಮಿಸ್, ಗಡ್ಡೆ ಜೊತೆ!"

ಅವನಿಗೂ ಬೇಕಿತ್ತು ಪಾಠ.
ಲಾರಿ ಬಾಗಿಲಿನ ಧೂಳು ತೋರಿಸಿ, ಎದೆ ಮುಟ್ಟಿಕೊಂಡ:
ನನ್ನ ಹೆಸರು, ನಿಮ್ಮ ಅಕ್ಷರ.
ಲಿಖಿತಾ ಮುಂದೆ ಹೋದಳು.
ಬಲ್ಕರ್ ಎಂದು ಬರೆದಳು.
ತಿದ್ದಲು ಎದ್ದ ನನ್ನ ಕೈಯನ್ನು
ನಾನೇ ಹಿಡಿದುಕೊಂಡೆ.
ಅವನು ಹೆಸರು ಮತ್ತೆ ಹೇಳಿದ, ನಡುವೆ ಉದ್ದ ಎಳೆದು.
ಅವಳು ಬರೆದದ್ದನ್ನು ಓದಿಕೊಂಡಳು, ತುಟಿ ಅಲ್ಲಾಡಿಸಿ,
ನಿಂತಳು,
ಎಂಜಲು ಬೆರಳಲ್ಲಿ ಅಳಿಸಿ
ಪಕ್ಕದಲ್ಲಿ ಮತ್ತೆ ಬರೆದು, ಕಕ್ಕೆ ದೀರ್ಘ ಕೊಟ್ಟಳು.

ಸೋಮವಾರ ಸಿಆರ್‌ಪಿ ನಿರಂಜನಮೂರ್ತಿ ಬಂದರು.
ಪಾಠಯೋಜನೆಯಲ್ಲಿ ಶನಿವಾರದ ಸಾಲು.
ಕಲಿಕಾ ಫಲ ಎಂಬ ಕಾಲಂ ಖಾಲಿ.
"ಏನಾದ್ರೂ ತುಂಬಿ ಮೇಡಂ,
ಖಾಲಿ ಬಿಟ್ರೆ ಕಂಪ್ಯೂಟರ್ ತಗೊಳ್ಳಲ್ಲ."
ತುಂಬಿದೆ. ಮೂವತ್ತು ಅಕ್ಷರ ಮೀರದಂತೆ.

ಹಾಜರಿಯಲ್ಲಿ ಇನ್ನೂ ಒಂಬತ್ತು ಗೈ ಇವೆ.
ಲಿಖಿತಾಳ ಭಿನ್ನರಾಶಿ ಇನ್ನೂ ತಲೆಕೆಳಗು.
ನಾಳೆ ಮೂರು ಗಡ್ಡೆ ತರಬೇಕು, ಒಂದು ಚಾಕು.
ಶಾಲೆಗೆ ಚಾಕು ತರಬಹುದೇ ಎಂದು
ಯಾರನ್ನು ಕೇಳಬೇಕೋ,
ಗೊತ್ತಿಲ್ಲ.